ಅಕ್ಕನ ಕೈ ಇಳಿಯಲೇ ಇಲ್ಲ

"ಕೈ ಸಡ್ಲ ಬಿಡ್ರಿ, ಅಮ್ಮಾರ."

"ಬಿಟ್ಟೀನ್ರಿ."

"ಇಲ್ರಿ, ಬಿಟ್ಟಿಲ್ಲ."

"ಅಯ್ಯ, ಬಿಟ್ಟೀನಲ್ರಿ! ಇನ್ನ ಎಷ್ಟ್ ಬಿಡೂದು?"

ಗದಗಿನ ಒಂದು ಫಿಸಿಯೊಥೆರಪಿ ಕ್ಲಿನಿಕ್. ಎತ್ತರದ ಮಂಚದ ಮೇಲೆ ನನ್ನ ಅಕ್ಕ ಶಾರದಾ (ನಮಗೆಲ್ಲ ಶಾರಕ್ಕ) ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು. ಚಿಕಿತ್ಸೆ ಕೊಡುವ ಡಾಕ್ಟರ್ ಸಣ್ಣ ವಯಸ್ಸಿನ ಹುಡುಗಿ. ಅಕ್ಕನ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಮೇಲೆತ್ತಿದಳು. ಒಂದು ಗಳಿಗೆ ಹಾಗೇ ಹಿಡಿದಿದ್ದಳು. ಆಮೇಲೆ ಮೆತ್ತಗೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಕ್ಕನ ಕೈ ಕೆಳಗೆ ಬೀಳಲಿಲ್ಲ.

ಗಾಳಿಯಲ್ಲಿ ನಿಂತಿತು. ಯಾರೂ ಹಿಡಿದಿಲ್ಲ. ಕೆಳಗೆ ದಿಂಬಿಲ್ಲ. ಬಳೆಗಳು ಮೊಣಕೈ ಕಡೆ ಜಾರಿದ್ದವು. ಬೆರಳುಗಳು ಏನನ್ನೋ ಹಿಡಿಯಲು ತಯಾರಾದ ಹಾಗೆ ಅರ್ಧ ಮಡಚಿಕೊಂಡಿದ್ದವು. ಆ ಕೈಯ ಒಡತಿಗೆ ಮಾತ್ರ ಅದು ಮಂಚದ ಮೇಲೇ ಇದೆ ಅನ್ನುವ ಪೂರ್ತಿ ನಂಬಿಕೆ!

"ಕಣ್ ತೆಗೀರಿ ಈಗ," ಅಂದಳು ಡಾಕ್ಟರ್.

ಅಕ್ಕ ಕಣ್ಣು ತೆರೆದಳು. ತನ್ನ ಕೈಯನ್ನು ತಾನೇ ನೋಡಿದಳು. ಬೇರೆ ಯಾರದೋ ಕೈ ತನ್ನ ಮನೆಯೊಳಗೆ ಹೇಳದೆ ಕೇಳದೆ ಬಂದು ನಿಂತಂತೆ ನೋಡಿದಳು. "ಇದ್ಯಾಕ ಹಿಂಗ ನಿಂತೈತಿ?" ಅಂತ ನನ್ನನ್ನೇ ಕೇಳಿದಳು.

ನನಗೇನು ಗೊತ್ತು? ನಾನು ಈ ಅಂಕಣದಲ್ಲಿ ನಲ್ಲಿ ನೀರು, ಒಗ್ಗರಣೆ, ಬಸ್ಸಿನ ಸೀಟು ಇಂಥವುಗಳ ಬಗ್ಗೆ ಬರೆಯುವವಳು. (ನಮ್ಮ ಬೆಟಗೇರಿಯಲ್ಲಿ ನಲ್ಲಿ ನೀರಿನ ಬಗ್ಗೆ ಎಷ್ಟು ಬರೆದರೂ ಮುಗಿಯುವುದಿಲ್ಲ, ಅದು ಬೇರೆ ಮಾತು.) ಆದರೆ ಅವತ್ತು ಆ ಕೈ ನೋಡಿದ ಮೇಲೆ ನನಗೆ ಬೇರೇನೂ ಬರೆಯಲು ತೋಚುತ್ತಿಲ್ಲ. ಮೈ ಜುಮ್ಮೆಂದಿತ್ತು. ಭಯಕ್ಕಲ್ಲ. ಬೆರಗಿಗೆ.

ಅಕ್ಕನ ಕಥೆ ಸ್ವಲ್ಪ ಹೇಳಬೇಕು.

ಅವಳಿರುವುದು ಲಕ್ಷ್ಮೇಶ್ವರದಲ್ಲಿ. ಓಣಿಯಲ್ಲಿ ಯಾರ ಮನೆಗೆ ಕನ್ಯೆ ನೋಡುವವರು ಬಂದರೂ "ಶಾರಕ್ಕನ ಕರೀರಿ" ಅನ್ನುತ್ತಾರೆ. ಹಾಸಿಗೆ ಹಾಸಿದರೆ ಒಂದು ಸುಕ್ಕಿಲ್ಲ. ಪಂಚಮಿಗೆ ಉಂಡಿ ಕಟ್ಟಿದರೆ ಎಲ್ಲವೂ ಅಚ್ಚಿನಲ್ಲಿ ತೆಗೆದ ಹಾಗೆ. ಹಗ್ಗದ ಮೇಲೆ ಬಟ್ಟೆ ಒಣಹಾಕಿದರೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಳಿದಿರುತ್ತದೆ. ಇನ್ನು ಅವಳ ಕಟಕ್ ರೊಟ್ಟಿ! ಒಂದರ ಮೇಲೊಂದು ಪೇರಿಸಿದರೆ ಅಂಚು ಅಂಚಿಗೆ ಕೂಡಬೇಕು. ಬಡಿಯುವಾಗ ಎಲ್ಲಾದರೂ ಒಂದು ಅಂಚು ಹರಿಯಿತೋ, ಆ ರೊಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿತ್ತಲ ಬಾಗಿಲಿನಿಂದ ಸೀದಾ ಎಮ್ಮೆಯ ಬಾಯಿಗೆ. (ಆ ಓಣಿಯ ಎಮ್ಮೆಗಳು ಪುಣ್ಯ ಮಾಡಿದ್ದವು.)

ನಾವೆಲ್ಲ ಏನು ಮಾಡಿದೆವು? ಹೊಗಳಿದೆವು. "ಕೈ ಅಂದ್ರ ಶಾರಕ್ಕನ ಕೈ" ಅಂದೆವು. ಹೊಗಳಿಕೆಗೆ ಏನು ಖರ್ಚು? ಆದರೆ ಮರುದಿನವೂ ಅಷ್ಟೇ ಚೆಂದ ಮಾಡಬೇಕಲ್ಲ, ಅದರ ಖರ್ಚೆಲ್ಲ ಅವಳ ಮೈಯ ಮೇಲೆ ಬಿತ್ತು.

ನೋವು ಮೊದಲು ಕುತ್ತಿಗೆಯಲ್ಲಿ ಬಂತು. ಅಲ್ಲಿಂದ ಭುಜಕ್ಕೆ. ಭುಜದಿಂದ ಮೊಣಕೈಗೆ. ಒಂದೊಂದು ದಿನ ಬೆನ್ನಿಗೆ. ನೆಂಟರ ಹಾಗೆ ಬಂದು ಹೋಗುತ್ತಿದ್ದದ್ದು ಆಮೇಲೆ ಮನೆಯವರ ಹಾಗೆ ಇದ್ದೇ ಬಿಟ್ಟಿತು. ಎಣ್ಣೆ ತಿಕ್ಕಿದ್ದಾಯಿತು, ಗುಳಿಗೆ ನುಂಗಿದ್ದಾಯಿತು, ಹುಬ್ಬಳ್ಳಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದಾಯಿತು. ರಿಪೋರ್ಟ್ ಎಲ್ಲ ನಾರ್ಮಲ್.

ನಾರ್ಮಲ್ ಅಂದರೆ ಖುಷಿಪಡಬೇಕಲ್ಲವೆ? ಅಕ್ಕ ಅವತ್ತು ಅತ್ತಳು.

"ಎಲ್ಲಾ ಛಲೋ ಐತಿ ಅಂದ್ರ ನಾ ಸುಳ್ಳ ಹೇಳಾಕತ್ತೀನಿ ಅಂತ ಆತಲ್ಲಲೇ ಸುಮಿ?" ಅಂತ ನನ್ನನ್ನು ಕೇಳಿದಳು.

ನಮ್ಮ ಮಾವ (ಅಕ್ಕನ ಗಂಡ, ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸ್ವಲ್ಪ ಮುಂದೆ) ಪಕ್ಕದಲ್ಲೇ ಇದ್ದರು. "ಏನಿಲ್ಲ ಬಿಡ, ಬರೇ ಮನಸಿಂದು ಅದು" ಅಂದುಬಿಟ್ಟರು. ಅವತ್ತಿನಿಂದ ಅವಳು ನೋವಿದ್ದರೂ ಬಾಯಿ ಬಿಡುವುದನ್ನು ನಿಲ್ಲಿಸಿದಳು. ಹಲ್ಲು ಕಚ್ಚಿ ರೊಟ್ಟಿ ಬಡಿದಳು. ಅಂಚು ಕೂಡಿಸಿಯೇ ಬಡಿದಳು.

ಅಷ್ಟರಲ್ಲಿ ಮನೆಗೆ ಕೂಸು ಬಂತು.

ಮಗಳು ಸವಿತಾಳನ್ನು ಮುಂಡರಗಿಗೆ ಕೊಟ್ಟಿದ್ದಾರೆ. ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು, ಗುಂಗುರು ಕೂದಲು, ಅಜ್ಜಿಯದೇ ಮೂಗು. ನಮ್ಮ ಕಡೆ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು ಅಜ್ಜಿಯ ಹಕ್ಕು. ಅಕ್ಕ ಅದಕ್ಕೆ ಬೇರೊಬ್ಬಳನ್ನು ಗೊತ್ತು ಮಾಡಿದಳು. ಕೂಸನ್ನು ಎತ್ತಿಕೊಳ್ಳಲೂ ಇಲ್ಲ. ತೊಟ್ಟಿಲ ಹತ್ತಿರ ಹೋಗುತ್ತಾಳೆ, ಬಗ್ಗಿ ನೋಡುತ್ತಾಳೆ, ಹೊದಿಕೆಯ ಮಡಿಕೆ ಸರಿಮಾಡುತ್ತಾಳೆ, ಹಿಂದಕ್ಕೆ ಬರುತ್ತಾಳೆ.

"ಯಾಕ ಅಕ್ಕಾ?" ಅಂತ ಕೇಳಿದೆ.

"ಕೈ ಮ್ಯಾಲ ನಂಬಿಗಿ ಇಲ್ಲವಾ. ಸರಿಯಾಗಿ ಹಿಡಿಯಾಕ ಬರಲಿಲ್ಲಂದ್ರ ಹಿಡೀಬಾರ್ದು."

ಸವಿತಾ ಒಂದು ದಿನ ನನಗೆ ಫೋನ್ ಮಾಡಿದಳು. "ಚಿಗವ್ವಾ, ಅವ್ವ ನನ್ನ ಮಗಳನ್ನ ಹೆಂಗ ನೋಡ್ತಾಳ ಗೊತ್ತೇನ? ಪ್ಯಾಟ್ಯಾಗ ಅಂಗಡಿ ಗಾಜಿನ ಹೊರಗ ನಿಂತು ಗೊಂಬಿ ನೋಡ್ತಾರಲ್ಲ, ಹಂಗ. ಐದನೇ ತಿಂಗಳಿಗೆ ನಾ ಮುಂಡರಗಿಗೆ ಹೋಗ್ತೀನಿ. ಒಮ್ಮೆರ ಎತ್ಕೊಂಡಾಳು ಅಂತ ಕಾಯಾಕತ್ತೀನಿ."

ಇದಿಷ್ಟೂ ಸಾಲದು ಅಂತ ಕೌದಿ ಬೇರೆ!

ಐದನೇ ತಿಂಗಳಲ್ಲಿ ಕೂಸು ಅಪ್ಪನ ಮನೆಗೆ ಹೋಗುವಾಗ ತವರಿನಿಂದ ಒಂದು ಸಣ್ಣ ಕೌದಿ ಹೋಗಬೇಕು. ಅಜ್ಜಿಯ, ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುತ್ತ ಹೆಣ್ಣುಮಕ್ಕಳು ಕೂತು, ಒಬ್ಬೊಬ್ಬರು ಒಂದೊಂದು ಅಂಚಿನಿಂದ ಹೊಲಿಗೆ ಹಾಕುತ್ತಾ ನಡುವಿಗೆ ಬರಬೇಕು. ಕೂಸಿನ ಕೌದಿಗೆ ಹಲವರ ಕೈ ಬೀಳಬೇಕು ಅಂತ ನಮ್ಮ ಮನೆತನದ ಪದ್ಧತಿ. ಪಕ್ಕದ ಮನೆಯ ಗಂಗವ್ವ ಓಣಿಯ ಇನ್ನಿಬ್ಬರನ್ನು ಕರೆದುಕೊಂಡು ಬಂದು, ಎಲೆ ಅಡಿಕೆ ಹಾಕಿಕೊಂಡು, ನಗುತ್ತಾ ಮಾತಾಡುತ್ತಾ ಅರ್ಧ ಹೊಲಿದು ಹೋದಳು.

ಅಕ್ಕ ಏನು ಮಾಡಿದಳು ಗೊತ್ತೆ? ಅವರು ಆಚೆ ಹೋಗುತ್ತಿದ್ದಂತೆ ಕತ್ತರಿ ತಗೊಂಡು ಕೂತಳು. ಗಂಗವ್ವನ ಹೊಲಿಗೆ ಸೊಟ್ಟ. ಇನ್ನೊಬ್ಬಳದು ಒಂದು ಉದ್ದ, ಒಂದು ಗಿಡ್ಡ. ಎಲ್ಲ ಬಿಚ್ಚಿದಳು. ಎತ್ತಲಾರದ ಆ ಕೈಯಿಂದ ಒಬ್ಬಳೇ ಕೂತು ಮತ್ತೆ ಹೊಲಿದಳು. ಹೊಲಿದಾದ ಮೇಲೆ ತನ್ನದೂ ಸರಿ ಕಾಣಲಿಲ್ಲ. ಅದನ್ನೂ ಬಿಚ್ಚಿದಳು! ನಾಲ್ಕು ತಿಂಗಳು ತುಂಬಿದರೂ ಕೂಸಿಗೆ ಕೌದಿಯಿಲ್ಲ, ಅಕ್ಕನಿಗೆ ಕೊಡ ಎತ್ತುವುದಿರಲಿ, ತಲೆ ಬಾಚಿಕೊಳ್ಳುವಷ್ಟೂ ಕೈ ಮೇಲೇಳುತ್ತಿಲ್ಲ.

ಆಗ ನಾನೇ ಗದಗಿಗೆ ಕರೆಸಿಕೊಂಡೆ. ಹಾಗೆ ನಾವು ಆ ಕ್ಲಿನಿಕ್ಕಿಗೆ ಹೋದದ್ದು. ಹಾಗೆ ಆ ಕೈ ಗಾಳಿಯಲ್ಲಿ ನಿಂತದ್ದು.

ಡಾಕ್ಟರ್ ಹುಡುಗಿ ಸ್ಟೂಲ್ ಎಳೆದುಕೊಂಡು ಅಕ್ಕನ ಎದುರು ಕೂತಳು. ಎಲ್ಲ ಕೇಳಿದಳು. ಕೌದಿಯ ವಿಷಯವನ್ನು ನಾನೇ ಬಾಯಿ ಬಿಟ್ಟೆ. (ಅಕ್ಕ ನನ್ನ ಕಾಲು ತುಳಿದಳು.)

"ಅಮ್ಮಾರ, ಮೊದಲ ಒಂದು ಮಾತು," ಅಂದಳು. "ನಿಮ್ಮ ನೋವು ಖರೆ ಐತಿ. ಎಲುಬಿನ್ಯಾಗ ಏನೂ ಕಾಣಲಿಲ್ಲಂದ್ರ ನೋವು ಇಲ್ಲಂತ ಅಲ್ಲ."

ಅಕ್ಕನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಯಾರೂ ಅಂದಿರದ ಮಾತು.

"ಹೊಲಾ ಕಾಯೂ ಮನಶಾ ಇರ್ತಾನಲ್ರಿ, ಅಂವಗ ಎಷ್ಟೋ ದಿನಾ ನಿದ್ದಿ ಇಲ್ಲಂದ್ರ ಏನ್ ಮಾಡ್ತಾನ? ಗಾಳಿಗೆ ಜ್ವಾಳದ ದಂಟು ಅಳ್ಳಾಡಿದ್ರೂ ಕಳ್ಳ ಬಂದಾ ಅಂತ ಒದರ್ತಾನ. ನಿಮ್ಮ ಮೈಯಾಗಿನ ನರಗೋಳು ಹಂಗ ಆಗ್ಯಾವು. ಅವಕ್ಕ ಒಂದು ದಿನಾನೂ ಸಾಕು ಅಂತ ನೀವು ಹೇಳಿಲ್ಲ."

"ಅಂದ್ರ ಸ್ವಚ್ಛ ಮನಿ ಇಟ್ಕೊಂಡಿದ್ದಕ್ಕ ನೋವು ಬಂತೇನ್ರಿ?" ಅಕ್ಕನ ದನಿಯಲ್ಲಿ ಸಿಟ್ಟಿತ್ತು.

"ಹಂಗ ಅಲ್ರಿ. ಅದಽ ಕಾರಣ ಅಂತ ನಾ ಎದಿ ತಟ್ಟಿ ಹೇಳಂಗಿಲ್ಲ. ಭಾಳ ಅಚ್ಚುಕಟ್ಟಾಗಿರೋ ಎಷ್ಟೋ ಮಂದಿ ಆರಾಮ ಅದಾರ. ಏನೂ ಲಕ್ಷ್ಯ ಇಲ್ಲದೋರಿಗೂ ನೋವು ಬರತೈತಿ. ಆದ್ರ ಇನ್ನೂ ಸರಿ ಆಗಿಲ್ಲ, ಇನ್ನೂ ಸರಿ ಆಗಿಲ್ಲ ಅಂತ ಮೈನ ಬಿಗಿ ಹಿಡ್ಕೊಂಡಽ ಇದ್ರ, ಬಂದ ನೋವಿಗೆ ಹೊರಗ ಹೋಗಾಕ ಬಾಗಲಾನಽ ಸಿಗಂಗಿಲ್ಲ. ನಮ್ಮಲ್ಲಿ ಬರೋರೊಳಗ ಹಿಂಗಿದ್ದೋರನ್ನ ನಾ ಭಾಳ ನೋಡೀನ್ರಿ."

ನಾನು ಅಕ್ಕನ ಕೈಯನ್ನೇ ನೋಡುತ್ತಿದ್ದೆ. ಈಗ ತೊಡೆಯ ಮೇಲಿತ್ತು. ಆದರೂ ಇಳಿದಿರಲಿಲ್ಲ. ಭುಜ ಕಿವಿಯ ಹತ್ತಿರವೇ ಇತ್ತು. ಹೇಳಿ, ಎಂಥ ಆಶ್ಚರ್ಯವಲ್ಲವೆ ಇದು? ಮನಸ್ಸು ಯಾವತ್ತೋ ಒಂದು ಹುಕುಂ ಕೊಟ್ಟಿದೆ. ಎಚ್ಚರವಿರು, ತಪ್ಪಬಾರದು ಅಂತ. ಆಮೇಲೆ ಮರೆತುಬಿಟ್ಟಿದೆ. ಮೈ ಮಾತ್ರ ಮರೆತಿಲ್ಲ. ಊಟದಲ್ಲಿ, ನಿದ್ದೆಯಲ್ಲಿ, ಕಣ್ಣು ಮುಚ್ಚಿ ಮಲಗಿದಾಗಲೂ ಆ ಹುಕುಂ ಪಾಲಿಸುತ್ತಲೇ ಇದೆ. ಸಾಕು ಅಂದರೂ ಇಳಿಯದೆ ನಿಲ್ಲುವ ಇಂಥ ನಿಷ್ಠೆಯನ್ನು ನಾವು ಯಾವ ಆಳಿನಲ್ಲಿ, ಯಾವ ಬಂಧುವಿನಲ್ಲಿ ಕಂಡಿದ್ದೇವೆ? ನಾನು ನನ್ನ ಅಕ್ಕನ ಜೊತೆ ಒಂದೇ ಕೌದಿಯಲ್ಲಿ ಮಲಗಿ ಬೆಳೆದವಳು. ಅವಳ ಮೈ ಹೀಗೆ ಪಹರೆ ನಿಂತಿದೆ ಅಂತ ಅವತ್ತೇ ನೋಡಿದ್ದು.

ಡಾಕ್ಟರ್ ವ್ಯಾಯಾಮ ಹೇಳಿಕೊಟ್ಟಳು. ಉಸಿರು ಬಿಡುವುದು ಹೇಳಿಕೊಟ್ಟಳು. ಜೊತೆಗೆ ಒಂದು ವಿಚಿತ್ರ ಹೋಂವರ್ಕ್. "ದಿನಾ ಒಂದು ಕೆಲಸ ಬೇಕಂತನಽ ಹಾಳ ಮಾಡಿ ಬಿಡ್ರಿ. ತಿದ್ದಬ್ಯಾಡ್ರಿ."

ವಾಪಸು ಹೋಗುವಾಗ ಲಕ್ಷ್ಮೇಶ್ವರದ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಶಿರಹಟ್ಟಿಯಲ್ಲಿ ಶಾಲೆ ಬಿಟ್ಟ ಹುಡುಗಿಯರು ಹತ್ತಿದರು. ಮುಂದೆ ನಿಂತವಳ ಒಂದು ಜಡೆಯ ರಿಬ್ಬನ್ ಸಡಿಲವಾಗಿತ್ತು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು. ನಾನು ಗಬಕ್ಕನೆ ಹಿಡಿದು ಕೆಳಗಿಳಿಸಿದೆ.

"ಹೋಂವರ್ಕ್!" ಅಂದೆ.

"ಅದು ಮಂದಿ ಜಡಿ, ನಮ್ಮನಿ ಕೆಲಸಲ್ಲ" ಅಂದಳು. ಆದರೂ ಇಳಿಯುವವರೆಗೆ ಆ ರಿಬ್ಬನ್ನಿನಿಂದ ಕಣ್ಣು ತೆಗೆಯಲಿಲ್ಲ.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ಕೇಳಿದಳು, "ಹೋಂವರ್ಕ್ ಮಾಡಿದ್ರೇನ್ರಿ?"

"ಒಂದು ದಿನಾನೂ ತಪ್ಪಿಸಿಲ್ರಿ," ಅಕ್ಕ ಹೆಮ್ಮೆಯಿಂದ ಹೇಳಿದಳು. "ಮಾಡದಾಗ ಒಂದು ವಾಟಗಾ ಡಬ್ಬ ಹಾಕಿ ಇಟ್ಟೀನಿ. ದಿನಾ ಅದಽ ವಾಟಗಾ, ಅದಽ ಜಾಗಾ. ಸುತ್ತಲೂ ಒರಸ್ತೀನಿ, ಅದನ್ನ ಮುಟ್ಟಂಗಿಲ್ಲ. ಬರೋಬ್ಬರಿ ನಡುವ ಐತ್ರಿ." (ಗೋಡೆಯ ಗೂಡಿನಲ್ಲಿ ಬೋರಲಾಗಿ ಇಟ್ಟ ಒಂದು ಬಟ್ಟಲು, ಅಷ್ಟೇ ಅವಳು ಮಾಡಿದ ಹಾಳು!)

ಡಾಕ್ಟರ್ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಳು ಮಾಡುವುದನ್ನೂ ಇಷ್ಟು ಪರ್ಫೆಕ್ಟಾಗಿ ಮಾಡುವವರಿಗೆ ಏನಂತ ಔಷಧಿ ಕೊಡುವುದು? ಅಕ್ಕನಿಗೂ ಒಂದು ಕ್ಷಣ ಬಿಟ್ಟು ಹೊಳೆಯಿತು. ಅವಳೂ ನಕ್ಕಳು. ಆ ಕೋಣೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ಆತು, ವಾಟಗಾ ಎತ್ತಿ ಇಡ್ರಿ," ಅಂದಳು ಡಾಕ್ಟರ್. "ಈಗ ಖರೆ ಹೋಂವರ್ಕು. ಆ ಕೌದಿ ಮತ್ತ ಮಂದಿ ಕಡಿಂದ ಹೊಲಿಸ್ರಿ. ನೀವು ಸೂಜಿ ಮುಟ್ಟಬ್ಯಾಡ್ರಿ. ಬರೇ ನೋಡ್ರಿ."

"ಬರೇ ನೋಡೂದಾ?" ಅಕ್ಕನ ಮುಖ ಸಣ್ಣದಾಯಿತು. ಸೂಜಿ ಚುಚ್ಚಿಸಿಕೊಳ್ಳಿ ಅಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

ಹೋದ ಭಾನುವಾರ ಆ ಕೆಲಸ. ನಾನು ಬೆಳಿಗ್ಗೆಯೇ ಲಕ್ಷ್ಮೇಶ್ವರಕ್ಕೆ ಹೋದೆ. ಕಷ್ಟದ ಕೆಲಸ ಅಂದರೆ ಗಂಗವ್ವನನ್ನು ಕರೆಯುವುದು. ತನ್ನ ಹೊಲಿಗೆ ಬಿಚ್ಚಿದ್ದು ಅವಳಿಗೆ ಗೊತ್ತಾಗಿತ್ತು. ಓಣಿಯಲ್ಲಿ ಇಂಥದ್ದು ಮುಚ್ಚಿಡಲು ಆಗುತ್ತದೆಯೆ? ಅಕ್ಕನೇ ಹೋಗಿ ಕರೆದಳು. ಗಂಗವ್ವ ಬಂದಳು, ಆದರೆ ಸುಮ್ಮನೆ ಬರಲಿಲ್ಲ.

"ನೋಡ ಶಾರಕ್ಕ, ಈ ಸಲಾ ಬಿಚ್ಚಿದಿ ಅಂದ್ರ, ನೀ ಉಟ್ಟ ಸೀರಿ ಕೂಡಿಸಿಽ ಹೊಲಿದು ಹೋಗ್ತೀನಿ. ಆಮ್ಯಾಲ ಕೌದಿ ಎಳಕೊಂಡಽ ಅಡ್ಡಾಡು."

ಪಡಸಾಲೆಯಲ್ಲಿ ಸೀರೆಗಳನ್ನು ಹಾಸಿದೆವು. ನಮ್ಮ ಅವ್ವನ ಒಂದು ಹಸಿರು ಇಳಕಲ್, ಅಕ್ಕನ ಎರಡು ಕಾಟನ್, ಸವಿತಾಳ ಒಂದು. ಗಂಗವ್ವ ಒಂದು ಅಂಚು, ನಾನೊಂದು, ಓಣಿಯ ಇಬ್ಬರು ಉಳಿದೆರಡು. ಅಕ್ಕ ಗೋಡೆಗೆ ಒರಗಿ ಕೂತಳು. ಕೈ ಎರಡೂ ತೊಡೆಯ ಮೇಲೆ. ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು.

ಸ್ವಲ್ಪ ಹೊತ್ತು ತಡೆದುಕೊಂಡಳು.

"ಗಂಗವ್ವ, ನಿನ್ನ ಸಾಲು ಎತ್ತಾಗ ಹೊಂಟೈತಿ ನೋಡಿಯೇನ? ಕುಡದಾಂವ ನಡದಂಗ ಐತಿ."

"ಹೋಗ್ಲಿ ಬಿಡವಾ. ಸೊಟ್ಟರ ಹೋಗ್ಲಿ, ಪಟ್ಟರ ಹೋಗ್ಲಿ, ಮುಂಡರಗಿ ಮುಟ್ಟಿದ್ರ ಸಾಕಲ್ಲ!"

ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ. ಅವಳ ಹಣೆ ಬೆವರಿತ್ತು. ಹೇಳಿದರೆ ನೀವು ನಂಬಲಿಕ್ಕಿಲ್ಲ, ಸುಮ್ಮನೆ ಕೂತ ಹೆಂಗಸು ಹೊಲ ಅಗೆದವಳ ಹಾಗೆ ದಣಿದಿದ್ದಳು. ಬಿಡುವುದೂ ಒಂದು ದುಡಿಮೆಯೇ ಅಂತ ನನಗೆ ಆಗ ತಿಳಿಯಿತು. ನಾವು ಅದನ್ನು ಸುಲಭ ಅಂದುಕೊಂಡು "ತಲಿ ಕೆಡಿಸ್ಕೋಬ್ಯಾಡ, ಬಿಟ್ಟ ಬಿಡ" ಅಂತ ಎಷ್ಟು ಸಲ ಎಷ್ಟು ಜನಕ್ಕೆ ಹೇಳಿಬಿಡುತ್ತೇವೆ!

ಸವಿತಾ ಸ್ನಾನಕ್ಕೆ ಹೋಗಿದ್ದಳು. ಪಡಸಾಲೆಯ ಮೂಲೆಯ ತೊಟ್ಟಿಲಲ್ಲಿ ಕೂಸು ಎದ್ದಿತು. ಮೊದಲು ಕುಂಯ್ ಅಂದಿತು. ಆಮೇಲೆ ಜೋರಾಗಿ ಅಳತೊಡಗಿತು. ನಾನು ಸೂಜಿ ಚುಚ್ಚಿಟ್ಟು ಏಳಹೋದೆ. ಗಂಗವ್ವ ನನ್ನ ಮೊಣಕಾಲು ಒತ್ತಿ ಹಿಡಿದಳು.

"ಕುಂಡ್ರು," ಅಂದಳು ಮೆಲ್ಲಗೆ. ಆಮೇಲೆ ಜೋರಾಗಿ, "ಶಾರಕ್ಕ, ನಮ್ಮೆಲ್ಲಾರ ಕೈಯಾಗ ದಾರ ಐತಿ. ನಿಂದಽ ಕೈ ಖಾಲಿ. ನೋಡ ಬೇ ಅದನ್ನ!"

"ಸವಿತಾನ ಕರೀರಿ."

"ಆಕಿ ಮೈಮ್ಯಾಲ ನೀರ ಹಾಕ್ಕೊಳಾಕತ್ತಾಳ. ಹಂಗಽ ಬರ್ಲೇನು?"

"ನನಗ ಸರಿಯಾಗಿ ಹಿಡಿಯಾಕ ಆಗಂಗಿಲ್ಲ ಗಂಗವ್ವ. ಕೈ ನಡುಗತೈತಿ."

"ನಡುಗ್ಲಿ. ತೂಗಿದಂಗ ಆಗತೈತಿ ಅದಕ್ಕ. ಕುಂತು ತೊಡಿ ಮ್ಯಾಲ ಹಾಕ್ಕೊ, ಬಿದ್ದರ ಎಲ್ಲಿ ಬೀಳತೈತಿ?"

ಕೂಸಿನ ಅಳು ಏರಿತು. ಉಸಿರು ಕಟ್ಟಿ ಅಳುವ ಹಂತಕ್ಕೆ ಬಂತು. ಅಕ್ಕ ಎದ್ದಳು. ತೊಟ್ಟಿಲ ಹತ್ತಿರ ನಿಂತಳು. ನಾನು ಹೊಲಿಯುತ್ತಿರುವ ಹಾಗೆ ನಟಿಸಿದೆ. (ಆ ಜಾಗದ ನನ್ನ ಹೊಲಿಗೆ ಕೌದಿಯಲ್ಲೇ ಅತ್ಯಂತ ಕೆಟ್ಟದ್ದು.) ಹಿಂದಕ್ಕೆ ತಿರುಗಿ ನಮ್ಮನ್ನು ನೋಡಿದಳು. ಯಾರೂ ತಲೆ ಎತ್ತಲಿಲ್ಲ.

ಎತ್ತಿಕೊಂಡಳು.

ಎಷ್ಟು ಕೆಟ್ಟದಾಗಿ ಎತ್ತಿಕೊಂಡಳು ಅಂತೀರಿ! ಒಂದು ಕಾಲು ಅವಳ ಮೊಣಕೈ ಕೆಳಗೆ ಜೋತಾಡುತ್ತಿತ್ತು. ಹೊದಿಕೆ ಅರ್ಧ ನೆಲಕ್ಕೆ. ಸೆರಗು ಕೂಸಿನ ಮುಷ್ಟಿಯಲ್ಲಿ. ಕುಲಾವಿ ಜಾರಿ ಕೂಸಿನ ಒಂದು ಕಣ್ಣು ಮುಚ್ಚಿತ್ತು. ಅಕ್ಕ ಹಾಗೇ ನಿಧಾನ ಗೋಡೆ ಹಿಡಿದು ನೆಲಕ್ಕೆ ಕೂತಳು. ಭುಜ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೂಸು ಇನ್ನೊಂದು ಕಣ್ಣಿನಿಂದ ಅವಳ ಮುಖವನ್ನೇ ನೋಡಿತು. ಇದ್ಯಾರು ಹೊಸಬರು ಅನ್ನುವ ಹಾಗೆ ನೋಡಿತು. ಅಳು ನಿಂತಿತು.

ನಾನು ಕಾಯುತ್ತಿದ್ದೆ. ಈಗ ಕುಲಾವಿ ಸರಿಮಾಡುತ್ತಾಳೆ. ಈಗ. ಇನ್ನೇನು.

ಮಾಡಲಿಲ್ಲ.

ಮಂದಿಯ ಮಗಳ ರಿಬ್ಬನ್ನಿಗೆ ಕೈ ಹಾಕಹೋದ ನನ್ನ ಅಕ್ಕ, ತನ್ನ ಮೊಮ್ಮಗಳ ಸೊಟ್ಟ ಕುಲಾವಿಯನ್ನು ಹಾಗೇ ಬಿಟ್ಟು, ಆ ಒಂದೇ ಕಣ್ಣನ್ನು ನೋಡುತ್ತಾ ಕೂತಿದ್ದಳು. ಗಂಗವ್ವನಂಥ ಗಂಗವ್ವ ಸೂಜಿ ಎತ್ತಿ ಹಿಡಿದವಳು ಹಾಗೇ ಉಳಿದಳು. ನಾನು ದೊಡ್ಡ ದೊಡ್ಡ ದೇವಸ್ಥಾನಗಳಲ್ಲಿ ಕೈಮುಗಿದು ನಿಂತಿದ್ದೇನೆ. ಅಲ್ಲಿಯೂ ನನ್ನ ಎದೆ ಹಾಗೆ ಹಿಗ್ಗಿದ್ದು ನೆನಪಿಲ್ಲ.

"ನೋವಾಗತೈತೇನ ಅಕ್ಕಾ?" ಅಂತ ಪಿಸುಗುಟ್ಟಿದೆ.

"ಆಗತೈತಿ," ಅಂದಳು, ಕಣ್ಣು ಎತ್ತದೆಯೇ. "ಸುಮ್ನಿರು. ನಿದ್ದಿ ಹತ್ತಾಕತ್ತೈತಿ ಇದಕ್ಕ."

ಸ್ನಾನ ಮುಗಿಸಿ ಬಂದ ಸವಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕಿ ಹೊಸ್ತಿಲು ತೋಯುತ್ತಿತ್ತು. ಅದನ್ನು ಒರೆಸು ಅಂತ ಯಾರೂ ಹೇಳಲಿಲ್ಲ. ಅಕ್ಕ ಕೂಡ.

ಪವಾಡವೇನೂ ಆಗಿಲ್ಲ. ಅಕ್ಕನ ನೋವು ಹೋಗಿಲ್ಲ. ವಾರಕ್ಕೊಮ್ಮೆ ಗದಗಿಗೆ ಬರುತ್ತಾಳೆ. ಒಂದು ದಿನ ಹಗುರ, ಒಂದು ದಿನ ಭಾರ. ಡಾಕ್ಟರ್ ಕೂಡ ಅಷ್ಟೇ ಹೇಳಿದ್ದಾಳೆ, ಹೊಲ ಕಾಯುವವನು ಕಳ್ಳನಿಲ್ಲ ಅಂತ ನಂಬಿ ಮಲಗಲು ಸಮಯ ಬೇಕು ಅಂತ. ಮಾವ ಈಗ "ಮನಸಿಂದು" ಅನ್ನುವುದನ್ನು ಬಿಟ್ಟಿದ್ದಾರೆ. ಬದಲಿಗೆ ಸಂಜೆ ಅಕ್ಕನ ಭುಜಕ್ಕೆ ಬಿಸಿನೀರಿನ ಶಾಖ ಕೊಡುತ್ತಾರೆ. (ಬಿಸಿ ಸರಿಯಾಗಿಲ್ಲ ಅಂತ ಬೈಸಿಕೊಳ್ಳುತ್ತಾರೆ, ಅದೂ ನಿಜ.)

ಮೊನ್ನೆ ಸವಿತಾ ಮುಂಡರಗಿಗೆ ಹೊರಟಳು. ಕೌದಿಯನ್ನು ಮಡಚುವ ಮುಂಚೆ ನಾನು ಬಿಡಿಸಿ ನೋಡಿದೆ. ಗಂಗವ್ವನ ಸಾಲು ಗಂಗವ್ವನ ಹಾಗೇ ಇತ್ತು. ನನ್ನ ಕೆಟ್ಟ ಹೊಲಿಗೆಯೂ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಒಂದೇ ಒಂದು ಗೇಣು, ಗೆರೆ ಎಳೆದಂತೆ ನೇರವಾದ ಹೊಲಿಗೆ. ಅಕ್ಕನ ಮುಖ ನೋಡಿದೆ.

"ಅಷ್ಟಽ," ಅಂದಳು. "ತಡಕೊಳಾಕ ಆಗಲಿಲ್ಲ."

ಕಾರಿನವರೆಗೆ ಮೊಮ್ಮಗಳನ್ನು ಅವಳೇ ಎತ್ತಿಕೊಂಡು ಹೋದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ತೋಳು ಬದಲಾಯಿಸಿದಳು. ಸವಿತಾಳ ಕೈಗೆ ಕೊಡುವಾಗ ಕೂಸು ಅಜ್ಜಿಯ ಸೆರಗು ಬಿಡಲೊಲ್ಲದು. ಆ ಮುಷ್ಟಿ ಬಿಡಿಸುತ್ತಾ ಅಕ್ಕ ಅದರ ಕಿವಿಯ ಹತ್ತಿರ, "ಇಷ್ಟ ದಿನಾ ನಿನ್ನ ಎತ್ಕೊಳ್ಳಲಿಲ್ಲ ನೋಡ, ಸರಿಯಾಗಿ ಹಿಡಿಯಾಕ ಬರೂದಿಲ್ಲಂತ" ಅಂದಳು.

ಸರಿಯಾಗಿ ಹಿಡಿ ಅಂತ ಆ ಕೂಸು ಯಾವಾಗ ಕೇಳಿತ್ತು ಹೇಳಿ?